ಹನ್ನೆರಡು ಗಂಟೆಗೆ ನೆರಳು ಕಾಲ ಕೆಳಗೆ ಬರುತ್ತದೆಯೇ?

ಡಿಸೆಂಬರ್ ಎರಡನೇ ವಾರ. ಔರಾದ್ ತಾಲ್ಲೂಕಿನ ಎಕಂಬಾದ ಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸಲು ಹೋಗಿದ್ದೆ. ಐದನೇ ತರಗತಿ, ವಿಷಯ ಬೆಳಕು ಮತ್ತು ನೆರಳು. ಚಾರ್ಟ್ ಅಂದವಾಗಿತ್ತು. ಬೆಳಿಗ್ಗೆ ಉದ್ದ ನೆರಳು, ಸಂಜೆ ಉದ್ದ ನೆರಳು, ನಡುವೆ ಹನ್ನೆರಡು ತೋರಿಸುವ ಗಡಿಯಾರದ ಕೆಳಗೆ ನೆರಳೇ ಇಲ್ಲದ ಮನುಷ್ಯ. ‘ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳು ಕಾಲ ಕೆಳಗೆ ಬರುತ್ತದೆ’ ಎಂದು ಮಕ್ಕಳಿಂದ ಎರಡು ಸಲ ಹೇಳಿಸಿದರು. ಬಾಗಿಲ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು, ‘ಕಾಲ ಬುಡಕ ಬರಲ್ರಿ ಸರ್, ಊಟಕ್ಕ ಬಿಟ್ಟಾಗೂ ಇಷ್ಟುದ್ದ ಇರ್ತದ’ ಎಂದು ಎರಡೂ ಕೈ ಅಗಲಿಸಿ ತೋರಿಸಿದಳು. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಗದರಲಿಲ್ಲ. ‘ನೀನು ಸರಿಯಾಗಿ ನೋಡಿಲ್ಲಮ್ಮ, ನಾಳೆ ಇನ್ನೊಮ್ಮೆ ನೋಡು’ ಎಂದು ಕೂರಿಸಿ ಮುಂದಕ್ಕೆ ಹೋದರು.

ನಾನು ಅವಲೋಕನ ಪತ್ರದಲ್ಲಿ ‘ಅನಿರೀಕ್ಷಿತ ಪ್ರಶ್ನೆಯನ್ನು ಸಮಾಧಾನದಿಂದ ನಿಭಾಯಿಸಿದ್ದಾರೆ’ ಎಂದು ಬರೆದು ಒಳ್ಳೆಯ ಅಂಕ ಕೊಟ್ಟೆ.

ಪಾಠ ಮುಗಿದು ಅಂಗಳಕ್ಕೆ ಬಂದಾಗ ಗಂಟೆ ಹನ್ನೆರಡೂಕಾಲು. ನನ್ನ ನೆರಳು ಉತ್ತರಕ್ಕೆ ಚಾಚಿ, ನನ್ನ ಎತ್ತರಕ್ಕಿಂತ ಸ್ವಲ್ಪವೇ ಕಡಿಮೆ ಉದ್ದದಲ್ಲಿ ಬಿದ್ದಿತ್ತು. ಹುಡುಗಿ ಸರಿಯಾಗಿಯೇ ನೋಡಿದ್ದಳು. ನೋಡದೆ ಇದ್ದವರು ಪಾಠ ಮಾಡಿದವರು ಮತ್ತು ಅದಕ್ಕೆ ಅಂಕ ಕೊಟ್ಟ ನಾನು.

ಲೆಕ್ಕ ಕಷ್ಟದ್ದೇನಲ್ಲ. ಔರಾದ್ ಸೀಮೆ ಇರುವುದು ಸುಮಾರು 18¼ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಮೇ ಎರಡನೇ ವಾರದ ಹೊತ್ತಿಗೆ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಹೋಗುತ್ತದೆ, ಎರಡನೆಯದನ್ನು ಮಳೆಮೋಡ ನುಂಗುತ್ತದೆ. ಅಂದರೆ ನಮ್ಮ ಚಾರ್ಟಿನ ಮನುಷ್ಯನನ್ನು ಎಕಂಬಾದ ಮಗು ಶಾಲೆಯ ಅಂಗಳದಲ್ಲಿ ಕಾಣುವ ಸಾಧ್ಯತೆಯೇ ಬಹಳ ಕಡಿಮೆ. ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಡಿಸೆಂಬರ್ 21-22ರ ನಡುಹಗಲಲ್ಲಿ ಅದರ ನೆರಳು ಸುಮಾರು 89 ಸೆಂ.ಮೀ. ಇರುತ್ತದೆ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ 33 ಸೆಂ.ಮೀ. ಜೂನ್ 21ಕ್ಕೆ 9 ಸೆಂ.ಮೀ., ಅದೂ ದಕ್ಷಿಣಕ್ಕೆ! ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ ಎಂಬುದನ್ನು ಎಷ್ಟು ಜನ ವಿಜ್ಞಾನ ಶಿಕ್ಷಕರು ಕಣ್ಣಾರೆ ನೋಡಿದ್ದೇವೆ?

ಹನ್ನೆರಡು ಗಂಟೆಯೂ ಇಲ್ಲಿಯದಲ್ಲ. ಭಾರತದ ಶಿಷ್ಟ ಕಾಲ 82½ ಡಿಗ್ರಿ ಪೂರ್ವ ರೇಖಾಂಶದ್ದು. ನಾವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿದ್ದೇವೆ, ಡಿಗ್ರಿಗೆ 4 ನಿಮಿಷದಂತೆ 20 ನಿಮಿಷ ಹಿಂದೆ. ಭೂಮಿಯ ಕಕ್ಷೆ ಮತ್ತು ಅಕ್ಷದ ಓರೆಯಿಂದಾಗಿ ಇದರಲ್ಲೂ ಹೆಚ್ಚುಕಡಿಮೆ ಆಗುತ್ತದೆ. ಅತಿ ಗಿಡ್ಡ ನೆರಳು ನವೆಂಬರ್ ಮೊದಲ ವಾರದಲ್ಲಿ 12-04ಕ್ಕೆ ಬಂದರೆ ಫೆಬ್ರವರಿ ಮಧ್ಯದಲ್ಲಿ 12-35ರ ಹತ್ತಿರ. ಇದನ್ನೆಲ್ಲ ಐದನೇ ತರಗತಿಗೆ ಹೇಳಬೇಕೆಂದಲ್ಲ. ‘12 ಗಂಟೆಗೆ’ ಎಂಬ ಬದಲು ‘ನೆರಳು ಅತಿ ಗಿಡ್ಡ ಆಗುವುದು ಯಾವಾಗ, ಹುಡುಕೋಣ’ ಎಂದರೆ ಸಾಕು. ಮೊದಲನೆಯದು ಬಾಯಿಪಾಠ, ಎರಡನೆಯದು ಕೆಲಸ.

ಟಾರ್ಚ್ ಬಗ್ಗೆಯೂ ಒಂದು ಮಾತು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಮತ್ತು ಗೊಂಬೆ ಇಟ್ಟು ಪ್ರಾತ್ಯಕ್ಷಿಕೆ ಮಾಡುವುದು ನಮ್ಮವರಿಗೆ ಪ್ರಿಯ. ನೆರಳು ಬೇಕಾದಾಗ ಬೇಕಾದಷ್ಟು ಬೀಳುತ್ತದೆ, ಅವಧಿಯೊಳಗೆ ಮುಗಿಯುತ್ತದೆ. ಆದರೆ ಟಾರ್ಚಿನ ಕಿರಣಗಳು ಹರಡುತ್ತವೆ. ಗೊಂಬೆಯನ್ನು ಟಾರ್ಚಿನ ಹತ್ತಿರ ತಂದರೆ ನೆರಳು ದೊಡ್ಡದು, ದೂರ ಒಯ್ದರೆ ಚಿಕ್ಕದು. ಬಹುದೂರದ ಸೂರ್ಯನ ಕಿರಣಗಳು ನಮಗೆ ಹೆಚ್ಚುಕಡಿಮೆ ಸಮಾಂತರ, ಅಲ್ಲಿ ಆಟವೆಲ್ಲ ಕೋನದ್ದು. ಟಾರ್ಚ್ ಪಾಠ ಕೇಳಿದ ಮಕ್ಕಳು ‘ಮುಂಜಾನೆ ಸೂರ್ಯ ಹತ್ರ ಇರ್ತಾನ, ಅದಕ್ಕ ನೆಳ್ಳು ಉದ್ದ’ ಎಂದು ಉತ್ತರಿಸಿದ್ದನ್ನು ಕೇಳಿದ್ದೇನೆ. ತಪ್ಪು ಮಕ್ಕಳದಲ್ಲ.

ಹಾಗಾದರೆ ಪ್ರಶಿಕ್ಷಣಾರ್ಥಿಗಳು ಅಂಗಳಕ್ಕೆ ಏಕೆ ಹೋಗುವುದಿಲ್ಲ? ನಾವೇ ಬಿಡುವುದಿಲ್ಲ. 40 ನಿಮಿಷದಲ್ಲಿ ಪೀಠಿಕೆಯಿಂದ ಮೌಲ್ಯಮಾಪನದವರೆಗೆ ಮುಗಿಯುವ ಪಾಠಕ್ಕೇ ನಮ್ಮ ಅವಲೋಕನ ಪತ್ರದಲ್ಲಿ ಅಂಕಗಳಿವೆ. ನೆರಳಿಗೆ ಆ ಅವಸರವಿಲ್ಲ, ಅದಕ್ಕೆ ಇಡೀ ದಿನ ಬೇಕು, ನಿಜವಾಗಿ ಆರು ತಿಂಗಳು ಬೇಕು. ಎರಡು ವರ್ಷದ ಬಿ.ಎಡ್‌ನಲ್ಲಿ ಕನಿಷ್ಠ 20 ವಾರಗಳ ಶಾಲಾನುಭವ ಇದೆಯಲ್ಲ! ಒಂದೇ ಶಾಲೆಯಲ್ಲಿ ಅಷ್ಟು ದಿನ ಇರುವವರಿಗೆ ಒಂದು ಕೋಲು ನೆಡಲು ಹೇಳಲಾರೆವೇ?

ಬೇಕಾಗುವುದು ಬಹಳ ಕಡಿಮೆ. ನೆಟ್ಟಗಿನ ಕೋಲು (ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಓರೆ ಗೊತ್ತಾಗುತ್ತದೆ), ಮಟ್ಟಸ ನೆಲ, ಒಂದು ಹಿಡಿ ಬೆಣಚುಕಲ್ಲು. ಪ್ರತಿ ಅವಧಿಯ ಗಂಟೆಗೆ ಒಬ್ಬ ಮಗು ಓಡಿಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಬರಲಿ. ಎರಡು ನಿಮಿಷದ ಕೆಲಸ. ಸೂರ್ಯನನ್ನು ನೇರ ನೋಡಬಾರದೆಂದು ಮಾತ್ರ ಮೊದಲೇ ಹೇಳಬೇಕು. ಕೋಲಿನ ಸುತ್ತ ದಾರದಿಂದ ಒಂದು ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ವೃತ್ತದ ಒಳಗೆ ಬಂದ ಮತ್ತು ಮಧ್ಯಾಹ್ನ ಹೊರಗೆ ಹೋದ ಜಾಗಗಳನ್ನು ಗುರುತಿಸಿ ಕೂಡಿಸಿದರೆ ಪೂರ್ವ-ಪಶ್ಚಿಮ ಗೆರೆ ಸಿಗುತ್ತದೆ. ಇದು ಶಂಕುವಿನ ಹಳೆಯ ವಿಧಾನ. ನಮಗೆ ಪರದೇಶದ್ದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದ ಕೊನೆಯ ಅಧ್ಯಾಯವೇ ನೆರಳಿನ ಲೆಕ್ಕದ್ದು. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡ.

ಮುಖ್ಯ ಗುರುಗಳು ಒಪ್ಪುವುದಿಲ್ಲ, ಮಕ್ಕಳು ಗಲಾಟೆ ಮಾಡುತ್ತಾರೆ, ಪಠ್ಯ ಹಿಂದೆ ಬೀಳುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಮೋಡದ ದಿನವಂತೂ ಏನೂ ಆಗುವುದಿಲ್ಲ. ಎಲ್ಲ ನಿಜ. ಆದರೆ ಎಕಂಬಾದ ಬಿಸಿಯೂಟದ ಅಡುಗೆಯಮ್ಮ ಪಡಸಾಲೆಯ ನೆರಳು ಯಾವ ಮೆಟ್ಟಿಲಿಗೆ ಬಂತೆಂದು ನೋಡಿ ಅನ್ನ ಇಳಿಸುತ್ತಾರೆ. ‘ಚಳಿಗಾಲದಾಗ ಮೆಟ್ಟಿಲ ಬ್ಯಾರೆ, ಬ್ಯಾಸಿಗ್ಯಾಗ ಬ್ಯಾರೆ ರೀ’ ಎಂದು ನನಗೆ ಹೇಳಿದವರು ಅವರೇ. ಆ ಒಂದು ಮಾತು ನಮ್ಮ ಯಾವ ಪಾಠಯೋಜನೆಯಲ್ಲೂ ಇಲ್ಲ.

ಈ ವರ್ಷ ನನ್ನ ಗುಂಪಿನ ಪ್ರಶಿಕ್ಷಣಾರ್ಥಿಗಳಿಗೆ ನೆರಳಿನ ಪಾಠಯೋಜನೆ ಬರೆಯುವ ಮೊದಲು ತಮ್ಮದೇ ನಡುಹಗಲಿನ ನೆರಳನ್ನು ಮೂರು ದಿನ ಅಳೆದು ತರಲು ಹೇಳಿದ್ದೇನೆ. ಅಳತೆ ಇಲ್ಲದ ಯೋಜನೆಗೆ ಸಹಿ ಹಾಕುವುದಿಲ್ಲ. ಅವಲೋಕನ ಪತ್ರದಲ್ಲಿ ‘ಮಗುವಿನ ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಿದರೇ?’ ಎಂಬ ಸಾಲು ಸೇರಿಸಲು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ, ಇನ್ನೂ ತೀರ್ಮಾನವಾಗಿಲ್ಲ. ಆ ಹುಡುಗಿ ಈಗ ಆರನೇ ತರಗತಿಯಲ್ಲಿದ್ದಾಳೆ. ಮುಂದಿನ ವಾರ ಎಕಂಬಾಕ್ಕೆ ಹೋಗುವಾಗ ಮೀಟರ್ ಕೋಲು ಒಯ್ಯುತ್ತೇನೆ. ಮೊದಲ ಕಲ್ಲು ಅವಳು ಇಡಲಿ.