ಹಿಮದಲ್ಲಿ ಕೊನೆಯ ಮಾತು ಡ್ರೈವರದ್ದೇ ಆಗಲಿ

ಡಿಸೆಂಬರ್ ಬಂತೆಂದರೆ ನಮ್ಮೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈಗ ಹೊಸದೊಂದು ಬಾಡಿಗೆ ಸಿಗುತ್ತಿದೆ. ಮೊದಲೆಲ್ಲ ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ಶಬರಿಮಲೆ ಇರುತ್ತಿತ್ತು. ಈಗ ಕಾಶಿಗೆ ಹೊರಟವರು "ಅಷ್ಟು ದೂರ ಹೋಗಿರ್ತೀವಲ್ಲ, ಹಂಗೇ ಮನಾಲಿಗೂ ಹೋಗಿ ಹಿಮ ನೋಡ್ಕೊಂಡ್ ಬರೋಣ" ಅನ್ನುತ್ತಾರೆ. ಹಿಮಾಚಲದ ಮನಾಲಿ ಬೆಂಗಳೂರಿನಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಬಾಡಿಗೆ ದೊಡ್ಡದು, ಬ್ಯಾಂಕಿನ ಕಂತು ತಲೆ ಮೇಲಿದೆ. ಬೇಡ ಅನ್ನುವ ಡ್ರೈವರ್ ಯಾರು?

ಹಾಗೆ ಹೋಗಿ ಬಂದ ಪರಿಚಯದ ಡ್ರೈವರಣ್ಣ ಒಬ್ಬರನ್ನು ನಾವು ಮಾತಾಡಿಸಿದೆವು. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವರು. ಚಾರ್ಮಾಡಿ ಘಾಟಿಯನ್ನು ಮಳೆ, ಮಂಜಿನಲ್ಲಿ ಎಷ್ಟು ಸಲ ಇಳಿಸಿದ್ದಾರೋ ಲೆಕ್ಕವಿಲ್ಲ. "ಹಿಮದಲ್ಲಿ ಗಾಡಿ ಓಡಿಸೋದು ಯಾರು ಹೇಳಿಕೊಟ್ಟರು?" ಎಂದು ಕೇಳಿದೆವು. "ಯಾರು ಹೇಳ್ಕೊಡ್ತಾರೆ? ಮೊಬೈಲ್‌ನಲ್ಲಿ ಎರಡು ರೀಲ್ಸ್ ನೋಡ್ದೆ, ಹೊರಟೆ" ಅಂದರು.

ಈ ಮಾತು ನಮ್ಮನ್ನು ಬಿಡಲಿಲ್ಲ. ಅದಕ್ಕೇ ಈ ಬರಹ.

ನಮ್ಮ ಡ್ರೈವರುಗಳಿಗೆ ಜಾರುವ ರಸ್ತೆ ಹೊಸದಲ್ಲ. ಡಾಂಬರು ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹಾಕಿರುವಾಗ ಬ್ರೇಕ್ ಒತ್ತಿದವರಿಗೆ ಗಾಡಿ ಹೇಗೆ ತೇಲುತ್ತದೆ ಅಂತ ಗೊತ್ತು. ಆದರೆ ಹುರುಳಿ ಮೂವತ್ತು ಅಡಿಗೆ ಮುಗಿಯುತ್ತದೆ. ಹಿಮ ಮುಗಿಯುವುದಿಲ್ಲ. ಗಟ್ಟಿಯಾದ ಮಂಜುಗಡ್ಡೆ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಹತ್ತು ಮಾರಿನಲ್ಲಿ ನಿಲ್ಲುವ ಗಾಡಿ ನೂರು ಮಾರು ಹೋಗುತ್ತದೆ.

ಕೈಯಲ್ಲಿ ಗೇರ್ ಹಾಕುವ ಗಾಡಿ ಇಂಥ ಕಡೆ ಒಳ್ಳೆಯದೇ. ಯಾವ ಗೇರ್ ಬೇಕೋ ಅದರಲ್ಲೇ ಹಿಡಿದಿಡಬಹುದು. ಆದರೆ ನಮ್ಮ ಕೈಕಾಲಿಗೆ ಅಂಟಿದ ಕೆಲವು ಅಭ್ಯಾಸ ಬಿಡಲೇಬೇಕು.

ಮೊದಲನೆಯದು, ಒಂದನೇ ಗೇರಿನಲ್ಲಿ ಜೋರಾಗಿ ಎತ್ತುವುದು. ಒಂದನೇ ಗೇರಿನಲ್ಲಿ ಚಕ್ರಕ್ಕೆ ಬಲ ಜಾಸ್ತಿ. ಹಿಮದ ಮೇಲೆ ಆ ಬಲಕ್ಕೆ ಚಕ್ರ ನಿಂತಲ್ಲೇ ಸುತ್ತಿ ಗುಂಡಿ ತೋಡಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಎರಡನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡುತ್ತಾ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಹೊರಡಬೇಕು. ಹೂತುಕೊಂಡರೆ ರೊಯ್ ಅನ್ನಿಸಬೇಡಿ. ಚಕ್ರದ ಮುಂದಿನ ಹಿಮ ಕೆದಕಿ, ಮರಳೋ ಜಲ್ಲಿಯೋ ಕಾಲಡಿಯ ಮ್ಯಾಟೋ ಹಾಕಿ ಮೆಲ್ಲಗೆ ಎತ್ತಿ.

ಎರಡನೆಯದು, ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು. ನಮ್ಮ ಕಡೆಯೂ ಇದು ತಪ್ಪೇ, ಹಿಮದಲ್ಲಿ ಪ್ರಾಣಕ್ಕೇ ಬರುತ್ತದೆ. ಇಳಿಯಲು ಶುರುವಾಗುವ ಮೊದಲೇ ಎರಡನೇ ಅಥವಾ ಒಂದನೇ ಗೇರಿಗೆ ಬಂದು, ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡಿ. ಗೇರ್ ಇಳಿಸಿದಾಗ ಕ್ಲಚ್ ದಡಕ್ಕನೆ ಬಿಟ್ಟರೆ ಚಕ್ರ ಹಿಡಿದುಕೊಂಡು ಗಾಡಿ ಅಡ್ಡ ತಿರುಗುತ್ತದೆ. ಅದನ್ನೂ ನಿಧಾನವೇ ಬಿಡಬೇಕು.

ಮೂರನೆಯದು, ಜಾರಿದಾಗ ಬ್ರೇಕ್ ಮೇಲೆ ನಿಲ್ಲುವುದು. ಗಾಡಿ ತೇಲಿತು ಅನ್ನಿಸಿದರೆ ಆಕ್ಸಿಲರೇಟರ್ ಬಿಡಿ, ಕ್ಲಚ್ ಒತ್ತಿ, ಹೋಗಬೇಕಾದ ಕಡೆ ಕಣ್ಣಿಟ್ಟು ಸ್ಟೀರಿಂಗನ್ನು ಮೆಲ್ಲಗೆ ಅತ್ತ ತಿರುಗಿಸಿ. ನಿಲ್ಲಿಸಲೇಬೇಕಾದಾಗ, ಎಬಿಎಸ್ ಇದ್ದರೆ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಕು. ಪೆಡಲ್ ನಡುಗಿದರೂ ಕಾಲು ತೆಗೆಯಬಾರದು. ಎಬಿಎಸ್ ಇಲ್ಲದಿದ್ದರೆ ಮೆಲ್ಲಗೆ ಒತ್ತಿ ಬಿಡುತ್ತಾ ಬರಬೇಕು.

ನಾಲ್ಕನೆಯದು, ರೇಡಿಯೇಟರಿಗೆ ನಲ್ಲಿ ನೀರು ಹಾಕುವುದು. ಆ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಕೂಲೆಂಟ್ ಸರಿಯಾದ ಪ್ರಮಾಣದಲ್ಲಿರಲಿ. ಡೀಸೆಲ್ ಕೂಡ ಕಡು ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಲಡಾಖಿನಂಥ ಕಡೆಗೆಂದೇ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಬೇರೆ ಚಳಿಗಾಲದ ಡೀಸೆಲ್ ತಂದಿತು.

ಐದನೆಯದು, ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯುವುದು. ಒದ್ದೆಯಾದ ಹ್ಯಾಂಡ್‌ಬ್ರೇಕ್ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡದೆ ಹೋಗಬಹುದು. ಸಮತಟ್ಟು ಜಾಗ ನೋಡಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಇನ್ನು ಚೈನು. ಚೈನ್ ಹಾಕಬೇಕಾದ್ದು ಎಂಜಿನ್ ತಿರುಗಿಸುವ ಚಕ್ರಕ್ಕೆ. ಸ್ವಿಫ್ಟ್, ಎರ್ಟಿಗಾಗಳಿಗೆ ಮುಂದಿನ ಚಕ್ರ. ಬೊಲೆರೊ, ಟೆಂಪೋ ಟ್ರಾವೆಲರ್‌ಗಳಿಗೆ ಹಿಂದಿನದು. ಅದನ್ನು ಹಾಕುವುದನ್ನು ಮನೆ ಮುಂದೆಯೇ ಎರಡು ಸಲ ಕಲಿತು ಹೋಗಬೇಕು. ಮರಗಟ್ಟಿದ ಬೆರಳಿನಲ್ಲಿ, ಕತ್ತಲಲ್ಲಿ, ಹಿಂದೆ ಹತ್ತು ಗಾಡಿ ಹಾರನ್ ಹೊಡೆಯುವಾಗ ಕಲಿಯಲು ಆಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಸಾಲದು ಎಂಬುದೇ ನಮ್ಮ ಮುಖ್ಯ ಮಾತು.

2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಮನಾಲಿಯಿಂದ ಆಚೆಗಿನ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ಹೋಗುವಂತಾಯಿತು. ಹಿಂದೆ ಹಿಮ ಬಿದ್ದರೆ ತಿಂಗಳುಗಟ್ಟಲೆ ದಾರಿಯೇ ಇರುತ್ತಿರಲಿಲ್ಲ. ಈಗ ಜನ ಸಾಲುಗಟ್ಟಿ ಹೋಗುತ್ತಾರೆ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್‌ಗೂ ಸುರಂಗಕ್ಕೂ ನಡುವೆ ಸುಮಾರು ಒಂದು ಸಾವಿರ ವಾಹನಗಳು ಹಿಮದಲ್ಲಿ ಸಿಕ್ಕಿಬಿದ್ದವು. ಪೊಲೀಸರು ಜನರನ್ನು ಹೊರತರಬೇಕಾಯಿತು. ಹಿಮ ಜೋರಾದಾಗ ಆ ದಾರಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಗಳನ್ನು ಮಾತ್ರ ಬಿಡುತ್ತಾರೆ. ಅವು ಸ್ಥಳೀಯರ ಬಳಿ ಬಾಡಿಗೆಗೆ ಸಿಗುತ್ತವೆ.

ನಮ್ಮ ಡ್ರೈವರಣ್ಣನೂ ಅಂಥದ್ದೇ ಒಂದು ದಿನ ಸೋಲಂಗ್ ಹತ್ತಿರ ಗಾಡಿ ನಿಲ್ಲಿಸಿ "ಸಾಕು, ಮುಂದೆ ಬೇಡ" ಅಂದರಂತೆ. ಹಿಂದಿನಿಂದ ದನಿ ಬಂತು: "ಮುಂದಿನ ಗಾಡಿ ಹೋಗ್ತಾ ಇಲ್ವಾ? ನಿನಗೇನು ದಾಡಿ? ಇಷ್ಟು ದುಡ್ಡು ಕೊಟ್ಟು ಬಂದಿರೋದು ಯಾಕೆ?" ಮಾಲೀಕರಿಗೆ ಫೋನೂ ಹೋಯಿತು. ಮಾಲೀಕರು "ಪಾರ್ಟಿ ಹೇಳ್ದಂಗೆ ಮಾಡಪ್ಪಾ" ಅಂದರು. ಅವರು ಹೋದರು. ಗಾಡಿ ಎರಡು ಸಲ ಅಡ್ಡ ತಿರುಗಿತು. ಕಂದಕ ಎಡಕ್ಕಿತ್ತು, ಗಾಡಿ ಬಲಕ್ಕೆ ತಿರುಗಿತು. ಬದುಕಿದ್ದು ಅಷ್ಟಕ್ಕೆ.

ಆ ರಾತ್ರಿಯ ಕಥೆ ಇನ್ನೂ ಇದೆ. ಪಾರ್ಟಿಗೆಲ್ಲ ಹೋಟೆಲ್ ರೂಮು, ಡ್ರೈವರಿಗೆ ಎಂದಿನಂತೆ ಗಾಡಿಯ ಸೀಟು. ಚಳಿ ತಡೆಯದೆ ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿ, ಗಾಜು ಏರಿಸಿ ಮಲಗಿದರು. ನಡುರಾತ್ರಿ ತಲೆ ಸಿಡಿದು ಎಚ್ಚರವಾಯಿತು. ಇಳಿದು ನೋಡಿದರೆ ಬಿದ್ದ ಹಿಮ ಸೈಲೆನ್ಸರ್ ಮಟ್ಟಕ್ಕೆ ಬಂದಿತ್ತು. ಅದನ್ನವರು ನಗುತ್ತಾ ಹೇಳಿದರು. ನಮಗೆ ನಗು ಬರಲಿಲ್ಲ.

ಸೈಲೆನ್ಸರ್ ಮುಚ್ಚಿದರೆ ಹೊಗೆ ಗಾಡಿಯೊಳಗೇ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮ ನೋಡಲು ಹೋದವರ ಗಾಡಿಗಳು ದಾರಿಯಲ್ಲೇ ಹೂತು, 20ಕ್ಕೂ ಹೆಚ್ಚು ಜನ ಕೂತಲ್ಲೇ ಸತ್ತರು. ಮಕ್ಕಳೂ ಇದ್ದರು. ಚಳಿಯ ಜೊತೆಗೆ ಈ ವಿಷಗಾಳಿಯೂ ಕಾರಣವೆಂದು ಸುದ್ದಿಯಾಯಿತು. ಹಿಮದಲ್ಲಿ ಸಿಕ್ಕಿಬಿದ್ದರೆ ಮೊದಲು ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ. ಗಾಜು ಸ್ವಲ್ಪ ಇಳಿಸಿ. ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಿ. ಎಂಜಿನ್ ಚಾಲೂ ಇಟ್ಟು ನಿದ್ದೆ ಮಾಡಲೇಬೇಡಿ.

ಆದ್ದರಿಂದ ನಾವು ಕೇಳುವುದು ಮೂರು.

ಬಾಡಿಗೆ ಒಪ್ಪುವಾಗಲೇ ಮಾಲೀಕರು ಒಂದು ಮಾತು ಹೇಳಲಿ: ಹಿಮದ ದಾರಿಯಲ್ಲಿ ನಿಲ್ಲಬೇಕೋ ಹೋಗಬೇಕೋ ಅನ್ನುವುದು ಡ್ರೈವರ್ ಮಾತು. ಅದಕ್ಕೆ ಬಾಡಿಗೆ ಮುರಿಯುವಂತಿಲ್ಲ. ಮುಂದೆ ನೋಡಬೇಕೆನ್ನುವ ಪಾರ್ಟಿ ಅಲ್ಲಿನ ಗಾಡಿ, ಅಲ್ಲಿನ ಡ್ರೈವರನ್ನು ಹಿಡಿಯಲಿ. ಅವರಿಗದು ದಿನದ ದಾರಿ.

ಚೈನು, ಕೂಲೆಂಟ್, ಸವೆಯದ ಟೈರು, ಒಂದು ಸಲಿಕೆ, ಒಂದು ಟಾರ್ಚು ಮಾಲೀಕರ ಖರ್ಚಿನಲ್ಲಿ ಬರಲಿ. ಡ್ರೈವರ್ ಬ್ಯಾಟಾದಲ್ಲಿ ಅಲ್ಲ.

ಮೂರನೆಯದು, ಡ್ರೈವರಿಗೂ ಒಂದು ಹಾಸಿಗೆ. ನಮ್ಮೂರಿನ ಚಳಿಯಲ್ಲಿ ಗಾಡಿಯಲ್ಲಿ ಮಲಗುವುದು ಕಷ್ಟ. ಅಲ್ಲಿನ ಚಳಿಯಲ್ಲಿ ಅದು ಸಾವು. ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಬೀಳುವುದು ಒಂದೆರಡು ಟೀ ತಿಂಡಿಯ ದುಡ್ಡು.

ಹಿಮ ನೋಡಬೇಕೆಂಬ ಆಸೆ ತಪ್ಪಲ್ಲ. ನಮ್ಮ ಅಜ್ಜಿಯರು ಟೀವಿಯಲ್ಲಷ್ಟೇ ಕಂಡಿದ್ದನ್ನು ನಾವು ಕೈಯಲ್ಲಿ ಹಿಡಿಯುವ ಕಾಲ ಬಂದಿದೆ, ಸಂತೋಷವೇ. ಆದರೆ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವವನು ಯಾರದೋ ಮನೆಯ ಮಗ. ಬಹುಶಃ ನಿಮ್ಮ ಬೀದಿಯವನೇ. ಅವನು "ಸಾಕು, ಮುಂದೆ ಬೇಡ" ಅಂದರೆ ಗಾಡಿಯೊಳಗಿರುವ ಯಾರಾದರೊಬ್ಬರು "ಹೌದಪ್ಪಾ, ತಿರುಗಿಸು" ಅನ್ನಿ.