ಬಂದೂಕು ಹೋದರೆ ನೆರವೂ ಹೋಗಬೇಕೆ?

ನಕ್ಸಲ್ ಗುಂಪಿನಲ್ಲಿದ್ದ ಕುಂದಾಪುರ ತಾಲ್ಲೂಕಿನ ತೊಂಬಟ್ಟು ಲಕ್ಷ್ಮಿ 2025ರ ಫೆಬ್ರುವರಿ 2ರಂದು ಉಡುಪಿಯಲ್ಲಿ ಶರಣಾದರು. ಶರಣಾದ ನಕ್ಸಲರಿಗೆ ಸರ್ಕಾರ ಹಣ ಕೊಡುವುದು ಸರಿಯೇ ಎಂದು ಆಗ ಎದ್ದ ವಾದ ಇನ್ನೂ ತಣಿದಿಲ್ಲ. ಕೊಡಲಿ. ಬಂದೂಕು ಕೆಳಗಿಟ್ಟವರೂ ಬದುಕು ಕಟ್ಟಿಕೊಳ್ಳಬೇಕಲ್ಲ. ನನ್ನ ತಕರಾರು ಬೇರೆ. ಬಂದೂಕು ಮುಟ್ಟದೆ ಅಮಾಸೆಬೈಲು, ಮಚ್ಚಟ್ಟು, ಹಳ್ಳಿಹೊಳೆಯಂಥ ಘಟ್ಟದಡಿಯ ಊರುಗಳಲ್ಲೇ ಉಳಿದವರಿಗೆ ಏನು?

ಎರಡು ದಶಕ ಈ ಜನ ಎರಡು ಕಡೆಯ ಬಂದೂಕಿಗೂ ಹೆದರಿ ಬಾಳಿದರು. ರಾತ್ರಿ ಬಾಗಿಲು ತಟ್ಟಿದವರಿಗೆ ಅಕ್ಕಿ ಇಲ್ಲವೆನ್ನುವ ಧೈರ್ಯ ಯಾರಿಗಿತ್ತು? ಕೊಟ್ಟರೆ ಪೊಲೀಸರ ವಿಚಾರಣೆ. 2008ರಲ್ಲಿ ಸೀತಾನದಿಯ ಶಿಕ್ಷಕರೊಬ್ಬರನ್ನು ಪೊಲೀಸ್ ಮಾಹಿತಿದಾರನೆಂದು ನಕ್ಸಲರು ಕೊಂದರು. ನೆರೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಕುತ್ಲೂರಿನ ವಿಠಲ ಮಲೆಕುಡಿಯ ವಿದ್ಯಾರ್ಥಿಯಾಗಿದ್ದಾಗಲೇ ನಕ್ಸಲ್ ನಂಟಿನ ಆರೋಪದ ಮೇಲೆ 2012ರಲ್ಲಿ ಬಂಧಿತರಾದರು. ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2021ರಲ್ಲಿ. ಇದರ ಮೇಲೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಮಲೆಯ ಕುಟುಂಬಗಳನ್ನು ಬಿಟ್ಟೇ ಇಲ್ಲ.

ಇಂಥ ಊರುಗಳ ಅಭಿವೃದ್ಧಿಗೆ ಕೊಟ್ಟದ್ದನ್ನು ಸರ್ಕಾರ ‘ನಕ್ಸಲ್ ಪ್ಯಾಕೇಜ್’ ಎಂದು ಕರೆಯಿತು. ಈ ಹೆಸರನ್ನು ನಾನು ಒಪ್ಪಲಾರೆ. ರಸ್ತೆ, ಸೇತುವೆ, ಔಷಧ ನಕ್ಸಲರ ದೆಸೆಯಿಂದ ಬರಬೇಕಾದವೆ? ಸಂಘರ್ಷದ ನಡುವೆಯೂ ನೆರವು ಅಗತ್ಯ ನೋಡಿ ಸಲ್ಲಬೇಕು, ಪಕ್ಷ ನೋಡಿ ಅಲ್ಲ ಎಂಬುದು ರೆಡ್‌ಕ್ರಾಸ್‌ನ ಮೂಲ ತತ್ವ.  2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಅಲ್ಲೊಂದು ಗಟ್ಟಿ ಸೇತುವೆ ಬೇಕೆನ್ನಲು ಯಾವ ‘ನಕ್ಸಲ್ ಪೀಡಿತ’ ಊರುಗಳ ಪಟ್ಟಿ ಬೇಕಿತ್ತು? ಹಾಗೆಯೇ, ಬ್ರಹ್ಮಾವರದ ಕೊರಗ ಆದಿವಾಸಿ ಕುಟುಂಬಗಳ ಅಗತ್ಯಗಳಿಗೂ ನಕ್ಸಲರಿಗೂ ಸಂಬಂಧವೇ ಇಲ್ಲ.

ಈಗ ರಾಜ್ಯ ನಕ್ಸಲ್‌ಮುಕ್ತ ಎಂದು ಸರ್ಕಾರ ಸಾರಿದೆ. ನಕ್ಸಲ್ ನಿಗ್ರಹ ಪಡೆಯ ಒಂದು ಪಾಲು ಸಿಬ್ಬಂದಿ 2025ರಲ್ಲೇ ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆಗೆ ಹೋದರು. ಪಡೆ ಇಳಿದು ಹೋಗಲಿ, ಸಂತೋಷ. ‘ಪೀಡಿತ’ ಎಂಬ ಹೆಸರು ಅಳಿಸುವ ನೆಪದಲ್ಲಿ ಕಾಮಗಾರಿಯ ದುಡ್ಡನ್ನೂ ಹಿಂದಕ್ಕೆ ಎಳೆದುಕೊಂಡರೆ ಅದು ಶುದ್ಧ ಅನ್ಯಾಯ. ಯಾವ ಊರಿಗೆ ಏನು ಬೇಕೆಂಬ ಪಟ್ಟಿಯನ್ನು ಪೊಲೀಸ್ ವರದಿಯಿಂದ ಬಿಡಿಸಿ ಗ್ರಾಮಸಭೆಗೆ ಕೊಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಂದ ಅರ್ಜಿಗಳನ್ನು ಇತ್ಯರ್ಥ ಮಾಡಿ. ಮುಂದಿನ ಮಳೆಗಾಲಕ್ಕೆ ಮೊದಲು, ಮಕ್ಕಳು ದಾಟುವ ಕಾಲುಸಂಕಗಳ ಜಾಗದಲ್ಲಿ ಸೇತುವೆ ಕಟ್ಟಿ.