ಕೋವಿಡ್ ಹೋಯಿತು, ಹಲ್ಲಿನ ಭಯ ಹೋಗಲಿಲ್ಲ

ದಂತವೈದ್ಯರ ಹೆಸರೆತ್ತಿದರೆ ಸಾಕು, ಎಷ್ಟೋ ಮಂದಿಯ ಎದೆ ಡವಗುಟ್ಟುತ್ತದೆ. ಹಲ್ಲು ಕೊರೆಯುವ ಸದ್ದು, ಸೂಜಿ, ಬಾಯಿ ತೆರೆದು ಮಲಗಿರಬೇಕಾದ ಅಸಹಾಯಕತೆ ಇವೆಲ್ಲ ಸೇರಿ ಹುಟ್ಟುವ ಈ ಭಯ ಹಳೆಯದು. 2020ರಲ್ಲಿ ಕೋವಿಡ್ ಬಂದಾಗ ಅದರ ಜೊತೆಗೆ ಸೋಂಕಿನ ಭಯವೂ ಸೇರಿಕೊಂಡಿತು.

ಆಗ ಹೆದರಲು ಕಾರಣವೂ ಇತ್ತು. ಹಲ್ಲು ಕೊರೆಯುವ ಯಂತ್ರ ನೀರು ಚಿಮ್ಮಿಸುತ್ತಾ ತಿರುಗುವಾಗ ಎಂಜಲು ಬೆರೆತ ಸಣ್ಣ ಹನಿಗಳು ಗಾಳಿಯಲ್ಲಿ ಹರಡುತ್ತವೆ. ರೋಗಿಯು ಮಾಸ್ಕ್ ಧರಿಸಿ ಚಿಕಿತ್ಸೆ ಪಡೆಯುವಂತೆಯೂ ಇಲ್ಲ. ಆದ್ದರಿಂದಲೇ 2020ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತುರ್ತು ಚಿಕಿತ್ಸೆಗೆ ಆದ್ಯತೆ ಕೊಟ್ಟು ಉಳಿದವನ್ನು ಮುಂದೂಡುವಂತೆ ದಂತವೈದ್ಯರಿಗೆ ಸೂಚಿಸಿತು.

ಮೊದಲೇ ಅಂಜುತ್ತಿದ್ದವರಿಗೆ ಇದರಿಂದ ಒಂದು ನೆಪ ಸಿಕ್ಕಿತು. "ಈಗ ಬೇಡ" ಎಂದರೆ ಯಾರೂ ಎದುರಾಡುವಂತಿರಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ಅನೇಕ ಮನೆಗಳಲ್ಲಿ "ಈಗ ಬೇಡ" ಎಂಬ ಮಾತು ಇನ್ನೂ ಮುಗಿದಿಲ್ಲ. ಮಕ್ಕಳ ಪರೀಕ್ಷೆ ಮುಗಿಯಲಿ, ಮದುವೆ ಕಳೆಯಲಿ, ರಮಝಾನ್ ಕಳೆಯಲಿ ಎನ್ನುತ್ತಾ ಗೃಹಿಣಿ ತನ್ನ ಹಲ್ಲುನೋವನ್ನು ಕೊನೆಯ ಸಾಲಿಗೆ ತಳ್ಳುತ್ತಾಳೆ.

ಭಯದ ಸ್ವಭಾವವೇ ಹಾಗೆ. ತಪ್ಪಿಸಿಕೊಂಡಾಗಲೆಲ್ಲ ಮನಸ್ಸು ಹಗುರವಾಗುತ್ತದೆ. ಮುಂದಿನ ಸಲ ಹೊರಡುವುದು ಇನ್ನಷ್ಟು ಕಷ್ಟವಾಗುತ್ತದೆ. ಇತ್ತ ಹುಳುಕು ಕಾಯುವುದಿಲ್ಲ. ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬಹುದಾದದ್ದು ನರಕ್ಕೆ ತಲುಪಿದ ಮೇಲೆ ರೂಟ್ ಕೆನಾಲ್ ಬೇಕಾಗುತ್ತದೆ ಅಥವಾ ಹಲ್ಲನ್ನೇ ಕೀಳಬೇಕಾಗುತ್ತದೆ. ಯಾವ ನೋವಿಗೆ ಹೆದರಿದ್ದೆವೋ ಅದನ್ನು ನಾವೇ ಕರೆದಂತಾಗುತ್ತದೆ. ಲವಂಗದ ಎಣ್ಣೆಯಾಗಲಿ, ಮಾತ್ರೆಯಾಗಲಿ ನೋವನ್ನು ಮರೆಸಬಹುದೇ ಹೊರತು ಹುಳುಕನ್ನು ನಿಲ್ಲಿಸಲಾರದು. ಸಕ್ಕರೆ ಕಾಯಿಲೆ ಇರುವವರಿಗಂತೂ ಒಸಡಿನ ಸೋಂಕು ಬೇಗನೆ ಉಲ್ಬಣಿಸುತ್ತದೆ.

ಇನ್ನೊಂದು ಮಾತನ್ನೂ ಗಮನಿಸಿ. ರೋಗಗಳ ಭೀತಿ ದಂತ ಚಿಕಿತ್ಸೆಯನ್ನು ಹೆಚ್ಚು ಸುರಕ್ಷಿತಗೊಳಿಸಿದೆ. 1980ರ ದಶಕದಲ್ಲಿ ಏಡ್ಸ್ ಭೀತಿ ಹುಟ್ಟಿದ ಬಳಿಕವೇ ಪ್ರತಿ ರೋಗಿಗೂ ಹೊಸ ಕೈಗವಸು ತೊಡುವುದು ವ್ಯಾಪಕವಾಗಿ ರೂಢಿಗೆ ಬಂತು. ಉಪಕರಣಗಳನ್ನು ಹೇಗೆ ಶುದ್ಧೀಕರಿಸುತ್ತೀರಿ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ಭಯವಿದ್ದರೆ ಹೀಗೆ ಮಾಡಿ. ಮೊದಲ ಭೇಟಿ ಕೇವಲ ತಪಾಸಣೆಗಿರಲಿ. "ನನಗೆ ಹೆದರಿಕೆಯಿದೆ" ಎಂದು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಿ. ಕೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಿ. ಬೆಳಗ್ಗಿನ ಸಮಯ ಪಡೆದರೆ ದಿನವಿಡೀ ಯೋಚಿಸುತ್ತಾ ಕೂರುವುದು ತಪ್ಪುತ್ತದೆ. ಆಪ್ತರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆದರೆ ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ದಿನವೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

"ಹಟ ಮಾಡಿದರೆ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ" ಎಂದು ಮಕ್ಕಳನ್ನು ಬೆದರಿಸುವ ಅಭ್ಯಾಸ ಬಿಡಿ. ಮಕ್ಕಳು ಭಯವನ್ನು ಹೆಚ್ಚಾಗಿ ಹೆತ್ತವರಿಂದಲೇ ಕಲಿಯುತ್ತಾರೆ, ಧೈರ್ಯವನ್ನೂ ಅಷ್ಟೇ. ನಿಮ್ಮ ತಪಾಸಣೆಯ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಾಯಿ ನಿರಾಳವಾಗಿ ಕುಳಿತೆದ್ದ ಕುರ್ಚಿಯಲ್ಲಿ ಮಗುವಿಗೂ ಕೂರಲು ಸುಲಭವಾಗುತ್ತದೆ.